ಗಾಳಿ ತುಂಬುವಾಗ ಕೇಳಿದ್ದು

ಬೋರ್ಡಿನಲ್ಲಿ ಈಗಲೂ ಹಸನಬ್ಬನ ಹೆಸರೇ ಇದೆ.
ಮಂಡಿ ಸವೆದು ಅವನು ಘಾಟಿ ಇಳಿದು ಹೋದ ದಿನ
ಕಂಪ್ರೆಸರು, ಎರಡು ಜಾಕು, ಪಂಕ್ಚರ್ ನೋಡುವ ನೀರಿನ ತೊಟ್ಟಿ
ನನಗೆ ಬಿಟ್ಟ. 'ಒಮ್ಮೆ ಬಾ ಚೆನ್ನಾಜಮ್ಮ,
ಮಂಗಳೂರು ಏನು ದೂರ? ಕಡಲು ನೋಡುವಿಯಂತೆ' ಅಂದ.
ದೂರವಲ್ಲ, ಹೌದು. ಮೂರು ಗಂಟೆ.
ಹನ್ನೊಂದು ವರ್ಷವಾಯಿತು.

ಕೊಟ್ಟಿಗೆಹಾರದ ಈ ತಿರುವಿನಲ್ಲಿ
ಶುಕ್ರವಾರ ಸಂಜೆಯಿಂದಲೇ ಶುರು ಇಳಿಯುವವರ ಸಾಲು.
ಕಾರಿನ ನೆತ್ತಿಗೆ ಹಲಗೆ ಕಟ್ಟಿಕೊಂಡವರು.
ಮೊದಲ ಸಲ ನೋಡಿದಾಗ ಬಾಗಿಲು ಅಂದುಕೊಂಡೆ,
ಯಾರೋ ಮನೆ ಕಟ್ಟಿಸುತ್ತಿದ್ದಾರೆ ಅಂತ.
ಅಲೆಯ ಮೇಲೆ ನಿಲ್ಲಲಿಕ್ಕಂತೆ.
ನಿಂತು? ಅಂದೆ.
ನಿಂತು ಏನಿಲ್ಲ, ಬೀಳೋದು, ಅಂದ ಹುಡುಗ.
ಮುಂದಿನ ಒಂದು ಹಲ್ಲು ಅರ್ಧವೇ ಇತ್ತು,
ಉಳಿದರ್ಧ ಸಸಿಹಿತ್ಲಿನ ನೀರಲ್ಲಿದೆಯಂತೆ.
ಹುಡುಕಲು ಹೊರಟವನ ಹಾಗೆ ಅವಸರ ಅವನಿಗೆ.

ಅಂದಿನಿಂದ ಕೇಳುವುದು ಚಟವಾಯಿತು.
ನಟ್ಟು ಬಿಚ್ಚುತ್ತ ಕೇಳುತ್ತೇನೆ: ಯಾಕೆ ಹೋಗ್ತೀರಿ?
ರಸೀದಿ ಕೊಡುವವಳಲ್ಲ ನಾನು,
ಕಾರಣವನ್ನಾದರೂ ಪುಸ್ತಕದಲ್ಲಿ ಬರೆದಿಡೋಣ ಅಂತ.

ಕಡೂರಿನ ಮೇಷ್ಟರು, ನಿವೃತ್ತರು, ಈಜು ಬಾರದು.
ದೋಣಿಗೆ ಹಗ್ಗ ಬಿಗಿದು ಕೊಡೆಯಲ್ಲಿ ಮೇಲಕ್ಕೆ ಹಾರಿಸುತ್ತಾರಂತಲ್ಲ,
ಅಲ್ಲಿಂದ ಒಮ್ಮೆ ಕೆಳಗೆ ನೋಡಬೇಕಂತೆ,
ಮೂವತ್ತು ವರ್ಷ ಮಕ್ಕಳಿಂದ ಭೂಪಟಕ್ಕೆ ಬಳಿಸಿದ ನೀಲಿ
ಸರಿಯಾದ ಬಣ್ಣವೋ ಅಲ್ಲವೋ ಅಂತ.
ಪಕ್ಕದಲ್ಲಿದ್ದ ಹೆಂಡತಿ: 'ನನಗೆ ಬಂಗುಡೆ ಸಾಕು.'

ಬೇಲೂರಿನ ಇಬ್ಬರು ನರ್ಸುಗಳು, ರಾತ್ರಿಪಾಳಿ ಮುಗಿಸಿ ನೇರ ಬಂದವರು,
ಹೊಳೆ ಕಡಲು ಸೇರುವ ಕಡೆ ಹುಟ್ಟು ಹಾಕಲು.
'ಅಲ್ಲಿ ಯಾರೂ ಸಿಸ್ಟರ್ ಅಂತ ಕೂಗಲ್ಲ.'
ಅಷ್ಟೇ ಹೇಳಿ ಸೀಟಿನಲ್ಲೇ ನಿದ್ದೆ ಹೋದರು.
ಆ ಚಕ್ರಕ್ಕೆ ಸುತ್ತಿಗೆ ಮೆಲ್ಲಗೆ ಹೊಡೆದೆ.

ಒಬ್ಬ ಹೇಳಲೇ ಇಲ್ಲ.
ನೋಟು ಕೊಟ್ಟು ಚಿಲ್ಲರೆ ಬಿಟ್ಟು ಹೋದ.
ಅವನ ಪುಟ ಖಾಲಿ ಇಟ್ಟಿದ್ದೇನೆ.

ಧಕ್ಕೆಯಿಂದ ಹತ್ತಿ ಬರುವುದು ಮೀನಿನ ಟೆಂಪೊ,
ಐಸು ಕರಗಿ ಹಿಂದೆ ರಸ್ತೆಯುದ್ದಕ್ಕೂ ಗೆರೆ.
ಸಂಜೀವನನ್ನೂ ಕೇಳಿದೆ, ಅಲ್ಲೇನಿದೆ ಹೇಳು.
'ಅಲ್ಲೇನಮ್ಮ, ನೀರು. ನನ್ನಣ್ಣನನ್ನು ಇಟ್ಟುಕೊಂಡಿದೆ.'
ಟಯರಿಗೆ ಗಾಳಿ ಹೋಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.
ಆಮೇಲೆ ಅವನೇ ಗುಡ್ಡದ ಕಡೆ ಗದ್ದ ಎತ್ತಿ,
'ನೀವು ಅದನ್ನ ಹತ್ತಿದ್ದೀರಾ? ನಮ್ಮ ಊರವರು ಬರ್ತಾರಲ್ಲ, ಇದಕ್ಕೇ.'
ಹತ್ತಿಲ್ಲ. ಮೂಗಿನೆದುರಿಗೇ ಇದೆ ಅದು.
ಬಟ್ಟೆ ಇವತ್ತು ಒಣಗುತ್ತದೋ ಇಲ್ಲವೋ
ಅಂತಷ್ಟೇ ಅದರ ಕಡೆ ನೋಡುವುದು.

ಹೋಗುವಾಗ ಹಳೆಯ ಲಾರಿ ಟ್ಯೂಬು ಕೇಳಿದ,
ಮೂರು ತೇಪೆಯದು. ಅವನ ಕೇರಿಯ ಮಕ್ಕಳು
ಅದರ ಮೇಲೆ ಕೂತು ತೇಲುತ್ತಾರಂತೆ.
ದುಡ್ಡು ಬೇಡವೆಂದೆ. ಒಂದು ತೇಪೆಯ ಅಂಚು
ಇನ್ನೊಮ್ಮೆ ಉಜ್ಜಿ, ಅಂಟು ಹಚ್ಚಿ, ಒತ್ತಿ ಹಿಡಿದೆ
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.
ತೊಟ್ಟಿಯಲ್ಲಿ ಮುಳುಗಿಸಿದೆ. ಗುಳ್ಳೆಯಿಲ್ಲ.

ಅದೇ ಈಗ ನಿದ್ದೆ ಕೆಡಿಸುವುದು.
ಯಾರದೋ ಮಗು ನನ್ನ ತೇಪೆಯ ಮೇಲೆ ಕೂತಿದೆ.
ಉಪ್ಪುನೀರಿಗೆ ಈ ಅಂಟು ತಡೆಯುತ್ತದೋ,
ಹಸನಬ್ಬ ಕಲಿಸಿದ್ದು ರಸ್ತೆಯ ಲೆಕ್ಕ, ಅಲೆಯದಲ್ಲ.
ತೊಟ್ಟಿಗೆ ನಾಲ್ಕು ಹಿಡಿ ಉಪ್ಪು ಸುರಿದು
ತೇಪೆ ಹಾಕಿದ ಟ್ಯೂಬಿನ ತುಂಡು ನೆನೆಯಿಟ್ಟಿದ್ದೇನೆ,
ಬೆಳಗೆದ್ದರೆ ಮೊದಲು ಅದರ ಮುಖವೇ.
ಸಾಲದು. ತೊಟ್ಟಿ ಅಲುಗುವುದಿಲ್ಲವಲ್ಲ.

ಭಾನುವಾರ ಏಳೂವರೆಗೆ ಬಸ್ಸಿದೆ.
ಅಂಟಿನ ಡಬ್ಬಿ, ಉಪ್ಪುಕಾಗದ, ಕತ್ತರಿ
ಕೈಚೀಲಕ್ಕೆ ಹಾಕಿದೆ. ಸೀರೆ ಒದ್ದೆಯಾದರೆ ಇನ್ನೊಂದಿರಲಿ.
ಪಕ್ಕದ ಸೀಟಿನವರು ಯಾಕೆ ಹೋಗ್ತೀರಿ ಅಂದರೆ
ಕೆಲಸವಿದೆ ಅನ್ನುತ್ತೇನೆ.

ಹಸನಬ್ಬನ ಹೆಸರಿನ ಕೆಳಗೆ ಸೀಮೆಸುಣ್ಣದಲ್ಲಿ
ಸೋಮವಾರ ಬರುತ್ತೇನೆ ಅಂತ ಬರೆದೆ.
ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು,
ಸೆರಗಿನಿಂದ ಒರೆಸಿ,
ಮಂಗಳವಾರ ಮಾಡಿದೆ.